ಹೀಟರ್ ನೋಡಲು ಬಂದವನಿಗೆ ಬೋಂಡ

ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತೇನೆ. ಟೆಕ್ಸಾಸ್‌ನಲ್ಲಿ ಎಂಥ ಚಳಿ, ಸ್ವೆಟರ್ ಬದಲು ಕಾಫಿಪುಡಿ ತನ್ನಿ ಎಂದು ಮೈಸೂರಿಗೆ ಫೋನ್ ಮಾಡಿ ಅತ್ತೆಗೆ ಹೇಳಿದ ಜಾಣ ನಾನೇ. ಕಂಪ್ಯೂಟರುಗಳ ವೈಟುಕೆ ಗಲಾಟೆ ಮುಗಿದ ವರ್ಷ, ಅಂದರೆ ಎರಡು ಸಾವಿರದ ಇಸವಿಯ ಡಿಸೆಂಬರಿನಲ್ಲಿ, ಮಗಳ ಬಾಣಂತನಕ್ಕೆಂದು ಅವರು ಆಸ್ಟಿನ್‌ಗೆ ಬಂದಿಳಿದರು. ಮೊಮ್ಮಗಳಿಗೆ ಹದಿನೈದು ದಿನ ತುಂಬುವಷ್ಟರಲ್ಲಿ ರಸ್ತೆಯೆಲ್ಲ ಮಂಜುಗಟ್ಟಿತು, ನಮ್ಮ ಅಪಾರ್ಟ್‌ಮೆಂಟಿನ ಹೀಟರ್ ಕೈಕೊಟ್ಟಿತು.

ಬಾಣಂತಿಯ ಕಿವಿಗೆ ಗಾಳಿ ಸೋಕಿದರೂ ಸಹಿಸದ ಹೆಂಗಸು ಅವರು. ಗಂಟೆಗೊಮ್ಮೆ ಮಗುವಿನ ಪಾದ ಮುಟ್ಟಿ ನೋಡಿ, ತಣ್ಣಗಿದೆ ಎಂದು ನನ್ನ ಮುಖ ನೋಡುತ್ತಿದ್ದರು. ನನಗೂ ಹೆದರಿಕೆಯಾಯಿತು.

ಅಪಾರ್ಟ್‌ಮೆಂಟಿನ ಆಫೀಸಿಗೆ ಹೋಗಿ ಹೇಳಿದರೆ ಅಲ್ಲಿನ ಮ್ಯಾನೇಜರಮ್ಮ ನಕ್ಕಳು. ಇದು ಟೆಕ್ಸಾಸ್, ನಾಲ್ಕು ದಿನ ತಡೆದರೆ ತಾನಾಗಿಯೇ ಬೆಚ್ಚಗಾಗುತ್ತದೆ ಎಂದಳು. ಅಂದರೆ ರಿಪೇರಿಯ ಹೊಣೆ ಮಾಲೀಕನದಲ್ಲ, ಸೂರ್ಯನದು! ಲೀಸ್ ಎಂಬ ಬಾಡಿಗೆ ಕರಾರುಪತ್ರವನ್ನು ತಿರುವಿ ನೋಡಿದೆ. ನಾವು ಸಾಕುವ ನಾಯಿ ಎಷ್ಟು ತೂಗಬಹುದು ಎಂಬುದಕ್ಕೆ ಇಡೀ ಒಂದು ಪುಟ ಮೀಸಲು. ಮನುಷ್ಯರು ಎಷ್ಟು ನಡುಗಬಹುದು ಎಂಬ ಬಗ್ಗೆ ಚಕಾರವಿಲ್ಲ. ಕಾನೂನು ಓದುತ್ತಿದ್ದ ಗೆಳೆಯನೊಬ್ಬ ದಾರಿ ತೋರಿಸಿದ: ಬಾಡಿಗೆದಾರನ ಆರೋಗ್ಯಕ್ಕೆ ಕುತ್ತು ತರುವಂಥದ್ದನ್ನು ಮಾಲೀಕ ಸರಿಪಡಿಸಲೇಬೇಕು, ಆದರೆ ನೀನು ಬರೆದು ಕೊಡಬೇಕು ಎಂದ. ಬರೆದುಕೊಟ್ಟೆ. ಮರುದಿನ ರಿಪೇರಿಯವನು ಬರುತ್ತಾನೆ ಎಂದಾಯಿತು.

ಎಡವಿದ್ದು ಇಲ್ಲೇ. ಮನೆಗೆ ಜನ ಬರುತ್ತಾರೆಂದರೆ ಅತ್ತೆಯ ಕೈ ಸುಮ್ಮನಿರುತ್ತದೆಯೇ? ಬೆಳಗಿನಿಂದ ನಾಲ್ಕೂ ಒಲೆ ಉರಿದವು. ಒಂದರ ಮೇಲೆ ಬೋಂಡಕ್ಕೆ ಎಣ್ಣೆ, ಇನ್ನೊಂದರ ಮೇಲೆ ಮಗುವಿನ ಸ್ನಾನಕ್ಕೆ ನೀರು, ಉಳಿದವುಗಳ ಮೇಲೆ ಸಾರು, ಹಾಲು. ಬಂದವನು ಜಾಕೆಟ್ ಕಳಚಿದ, ಥರ್ಮಾಮೀಟರ್ ಹಿಡಿದ, ಐದು ಬೋಂಡ ತಿಂದ, ಮನೆ ಬೆಚ್ಚಗಿದೆ ಎಂದು ಬರೆದುಕೊಂಡು ಹೋದ. ಚಟ್ನಿ ಬಡಿಸುತ್ತಿದ್ದವನು ನಾನೇ. ತಿನ್ನುವವರ ಬಾಯಿಗೆ ಅಡ್ಡ ಬಂದು ದೂರು ಹೇಳುವುದು ನಮ್ಮ ಮನೆತನದಲ್ಲಿಲ್ಲ.

ಸಂಜೆ ಒಲೆ ಆರಿತು, ಮಗು ಸೀನಿತು. ನನಗೆ ನನ್ನ ಮೇಲೇ ಸಿಟ್ಟು ಬಂತು. ಇನ್ನೊಂದು ಪತ್ರ ಕೊಟ್ಟು ಬಂದು, ನಾಳೆ ಅವನು ಹೋಗುವವರೆಗೆ ಒಲೆ ಹಚ್ಚಕೂಡದು ಎಂದು ಮನೆಯಲ್ಲಿ ಸಾರಿದೆ.

"ಬಂದೋರಿಗೆ ಏನೂ ಕೊಡ್ಬಾರ್ದಾ?" ಎಂದರು ಅತ್ತೆ.

"ಕೊಡಿ ಅತ್ತೆ. ತಣ್ಣೀರು ಕೊಡಿ."

ಮರುದಿನ ಅವನು ಜಾಕೆಟ್ಟಿನ ಜಿಪ್ಪನ್ನು ಗಲ್ಲದವರೆಗೆ ಎಳೆದುಕೊಂಡು, ಮರಗಟ್ಟಿದ ಬೆರಳುಗಳನ್ನು ಊದಿಕೊಳ್ಳುತ್ತ ಕೆಲಸ ಮಾಡಿದ. ಆರಿದ ಒಲೆಯ ಕಡೆ ಒಂದೆರಡು ಸಲ ಆಸೆಯಿಂದ ನೋಡಿದ. ಮಧ್ಯಾಹ್ನದ ಹೊತ್ತಿಗೆ ಹೀಟರ್ ಗುಡುಗಿತು. ನಾನು ಗೆದ್ದ ಗತ್ತಿನಲ್ಲಿ ಸೋಫಾದ ಮೇಲೆ ಕಾಲು ಚಾಚಿದೆ.

ಅತ್ತೆ ಮಗುವಿನ ಪಾದ ಮುಟ್ಟಿ ನೋಡಿದರು. ಬೆಚ್ಚಗಿತ್ತು. ಆದರೂ ಅವರ ಮುಖ ಅರಳಲಿಲ್ಲ.

"ನಡುಗಿಸ್ಲೇಬೇಕು ಅಂತಿದ್ರೆ ಆ ಮನೆ ಯಜಮಾನನ್ನ ಕರೆಸ್ಬೇಕಿತ್ತು. ದುಡಿಯೋಕೆ ಬಂದವನು ಏನು ಮಾಡಿದ್ದ, ಪಾಪ?"

ಎದ್ದು ಹೋಗಿ ಲೀಸಿನಲ್ಲಿ ಯಜಮಾನನ ವಿಳಾಸ ಹುಡುಕಿದೆ. ಹ್ಯೂಸ್ಟನ್ನಿನ ಒಂದು ಪೋಸ್ಟ್ ಬಾಕ್ಸ್ ನಂಬರು, ಅಷ್ಟೇ. ಪೋಸ್ಟ್ ಬಾಕ್ಸನ್ನು ನಡುಗಿಸುವ ಉಪಾಯ ನನ್ನ ಗೆಳೆಯನ ಕಾನೂನು ಪುಸ್ತಕದಲ್ಲೂ ಇರಲಿಲ್ಲ.