ದಾರ ಕಟ್ಟಿದರೆ ಸಾಲದು

ನನ್ನ ಮೊಮ್ಮಗಳ ಮಾತೇ ನಡೆಯಿತು. ಆ ಹಾಳು ಪ್ರೋಗ್ರಾಮನ್ನು ಇವತ್ತು ತೆಗೆದುಹಾಕಿದರು. ಸುದ್ದಿ ಕೇಳಿದವಳೇ, ಹಿಟ್ಟಿನ ಕೈಯಲ್ಲೇ ಅವಳ ಕೆನ್ನೆ ಸವರಿ ಲಟಿಕೆ ಮುರಿದೆ. ಆದರೆ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ನಾನು ಮೂರನೇ ಕ್ಲಾಸು ಓದಿದವಳು. ನನಗೆ ತಿಳಿದದ್ದು ಇಷ್ಟು: ಕಂಪ್ಯೂಟರ್ ಪ್ರೋಗ್ರಾಮುಗಳನ್ನು ಒಂದೆಡೆ ಕೂಡಿಟ್ಟು, ಯಾರಾದರೂ ಪುಕ್ಕಟೆ ಒಯ್ಯಲಿ ಎಂದು ಬಿಟ್ಟಿರುತ್ತಾರೆ. ಅದನ್ನು ನೋಡಿಕೊಳ್ಳುವ ಗುಂಪಿನಲ್ಲಿ ದಾವಣಗೆರೆಯ ನಮ್ಮ ಪಡಸಾಲೆಯಲ್ಲಿ ಕೂರುವ ಇವಳೂ ಒಬ್ಬಳು. ಅದರೊಳಗೆ ಫೋಟೊ ಜೋಡಿಸುವ ಪ್ರೋಗ್ರಾಮು ಒಂದಿತ್ತು. ಬರೆದವನು ಅದನ್ನು ಕೈಬಿಟ್ಟು ವರ್ಷಗಳಾಗಿದ್ದವು. ಈಗ ಅದರಲ್ಲೊಂದು ತೂತು ಕಂಡಿತು. ಕಳ್ಳರು ಕಳಿಸಿದ ಫೋಟೊ ತೆರೆದರೆ ಸಾಕು, ಇಡೀ ಕಂಪ್ಯೂಟರು ಅವರ ಕೈಗೆ. ಮುಚ್ಚುವವರಿಲ್ಲ, ತೆಗೆಯೋಣ ಎಂದಳು. ಅಷ್ಟಕ್ಕೇ ಅದನ್ನು ಬಳಸುವವರು ಎಂಥೆಂಥ ಮಾತು ಬರೆದರು. ನಡೆಯುತ್ತಿರುವುದನ್ನು ಕಿತ್ತುಹಾಕಲು ನೀನ್ಯಾರು ಎಂದರಂತೆ. ಹಾಗೆ ಕೇಳಿದವರಲ್ಲಿ ಒಬ್ಬನಾದರೂ ತೂತು ಮುಚ್ಚಲು ಬಂದನೇ? ಇಲ್ಲ.

ಹೊರಗಿನವರಿರಲಿ, ಹರಿಹರದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ನನ್ನ ಮಗನೇ ಬಂದು ಜಗಳಕ್ಕೆ ನಿಂತ. ಅವನ ಅಂಗಡಿ ನಡೆಯುವುದೇ ಆ ಪ್ರೋಗ್ರಾಮಿನ ಮೇಲೆ.

"ಏನವ್ವಾ ತಾಯಿ, ಮಾಮನ ಅಂಗಡಿ ಬಾಗಿಲು ಹಾಕ್ಸಬೇಕು ಅಂತ ಮಾಡೀಯೇನು?"

"ಮಾಮಾ, ಗುತ್ತೂರು, ಭಾನುವಳ್ಳಿ ಕಡಿಂದ ಗುರ್ತಿಲ್ಲದೋರೆಲ್ಲ ನಿಮಗೆ ಫೋಟೊ ಕಳಿಸ್ತಾರೆ. ನೀವು ಎಲ್ಲಾ ತೆರೀತೀರಿ. ಮೊದ್ಲು ಮುಳುಗೋರೇ ನೀವು."

"ಹುಷಾರು ಅಂತ ಒಂದು ಬೋರ್ಡ್ ಹಾಕ್ರಿ, ಸಾಕು. ತೆಗೆಯಾದು ಯಾಕ?"

ನನಗೆ ಮೈ ಉರಿಯಿತು. "ನಿಮ್ಮಕ್ಕನ ಮದ್ವಿ ಮರ್ತೆಯೇನೋ?"

ಆಗ ನಮ್ಮ ಓಣಿಗೆಲ್ಲ ಸೇರಿದ ಪಾತ್ರೆಗಳಿದ್ದವು. ಯಾರ ಮನೆ ಮದುವೆಗಾದರೂ ಒಯ್ಯಬಹುದಿತ್ತು. ಅವಕ್ಕೆ ಕಲಾಯಿ ಹಾಕಿಸುತ್ತಿದ್ದ ಓಣಿಯ ಯಜಮಾನರು ತೀರಿಕೊಂಡ ಮೇಲೆ ಕೇಳುವವರಿಲ್ಲ. ದೊಡ್ಡ ಹಿತ್ತಾಳೆ ಕೊಳಗದ ಒಳಗಿನ ಕಲಾಯಿ ಪೂರಾ ಹೋಗಿತ್ತು. ಹುಳಿ ಬೇಯಿಸಿದರೆ ವಿಷ. ಹಿರಿಯರ ಕಾಲದ್ದು, ಇರಲಿ ಎಂದು, ಎಚ್ಚರಿಕೆಗೆ ಅದರ ಕಿವಿಗೆ ಕೆಂಪು ದಾರ ಕಟ್ಟಿಟ್ಟರು. ಮಗಳ ಮದುವೆಯ ಅಡುಗೆಯವರು ಅದನ್ನು ಕಂಕಣವೆಂದು ತಿಳಿದು, ಅರಿಶಿನ ಕುಂಕುಮ ಹಚ್ಚಿ, ಮೊದಲು ಆ ಕೊಳಗವನ್ನೇ ಒಲೆಗೇರಿಸಿದರು. ಸಾರು ಉಂಡ ಬೀಗರು ಚಪ್ಪರದ ಹಿಂದೆ ವಾಂತಿ ಮಾಡಿಕೊಂಡು ಕೂತರು.

"ದಾರ ಕಟ್ಟಿದ್ವಲ್ಲ, ಏನಾತು?" ಎಂದೆ. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ.

ಮರುದಿನ ಮೊಮ್ಮಗಳು ಹರಿಹರದ ಬಸ್ಸು ಹತ್ತಿದಳು. ಅಂಗಡಿಯಲ್ಲಿ ಬೇರೆ ಪ್ರೋಗ್ರಾಮು ಹಾಕಿ, ಮಾಮನಿಗೆ ಕೈ ಕುದುರುವವರೆಗೂ ಪಕ್ಕದಲ್ಲೇ ಕೂತಳು. ಬದಲಿ ಹೀಗೆ ಮಾಡಿಕೊಳ್ಳಿ ಎಂದು ಗುಂಪಿಗೂ ಬರೆದಳು. ಆಮೇಲೇ ಅವರು ಒಪ್ಪಿದ್ದು. ಮೊದಲೇ ಒಪ್ಪಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಇವತ್ತು ಸಂಜೆ ಮಗ ಹೆಂಡತಿ ಮಕ್ಕಳೊಂದಿಗೆ ಊಟಕ್ಕೆ ಬಂದ.

"ಹೊಸದ್ರಾಗೆ ಅಕ್ಷರ ಭಾಳ ಸಣ್ಣವು," ಎನ್ನುತ್ತಾ ತಟ್ಟೆಯ ಮುಂದೆ ಕೂತ.

"ಅದು ಪ್ರೋಗ್ರಾಮಿಂದಲ್ಲ ಮಾಮಾ, ಕನ್ನಡಕ ಬದ್ಲಿ ಮಾಡ್ರಿ."

ಆ ಮದುವೆಯ ಮಾತು ಬಂದದ್ದೇ, ಅಂದಿನ ಮದುಮಗಳು ನನ್ನ ಮಗಳು ಸಾರಿನ ಪಾತ್ರೆಯೊಳಗೆ ಇಣುಕಿ ನೋಡಿದಳು. ಎಲ್ಲರೂ ನಕ್ಕರು. ಮಗ ಮಾತ್ರ ತಲೆಯೆತ್ತದೆ, ಶಾವಿಗೆ ಪಾಯಸಕ್ಕೆ ಇನ್ನೊಮ್ಮೆ ಬಟ್ಟಲು ಚಾಚಿದ.