ಬುತ್ತಿ ಚೀಲದ ಎರಡು ಗಂಟು

ಲೀಲಾ, ನಿನ್ನ ಕೊರಳಲ್ಲಿರುವ ಇಷ್ಟಲಿಂಗ ನೀನು ಹುಟ್ಟಿದಾಗ ಗುರುಗಳು ಕಟ್ಟಿದ್ದಲ್ಲ. ಅದನ್ನು ನಾನು ಕಳೆದೆ. ಈಗ ನೀನು ದಿನಾ ಅಂಗೈಯಲ್ಲಿಟ್ಟು ಪೂಜೆ ಮಾಡುತ್ತಿರುವುದು ಕಲ್ಯಾಣದುರ್ಗದ ವಿಭೂತಿ ಅಂಗಡಿಯಲ್ಲಿ ನಾನು ಕೊಂಡದ್ದು — ಹಳೆಯದರ ಹಾಗೆ ಕಾಣಲಿ ಅಂತ ಎಣ್ಣೆ ಸವರಿ, ವಿಭೂತಿ ಉಜ್ಜಿ ತಂದುಕೊಟ್ಟದ್ದು.

ಇಷ್ಟು ಬರೆದು ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಎಮ್ಮೆಯ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಿ ಅಡ್ಡ ತಿರುಗಿದ ಕರುವನ್ನು ಎಳೆದು ಹೊರಗೆ ತರುವವಳು ನಾನು. ನಾನು ಕೆಲಸ ಮಾಡುವ ಬ್ರಹ್ಮಸಮುದ್ರದ ರೈತರು ನನ್ನನ್ನು ಗಟ್ಟಿಗಿತ್ತಿ ಅಂತಾರೆ. ಈ ನಾಲ್ಕು ಸಾಲಿಗೆ ನಾನು ತೆಗೆದುಕೊಂಡ ವರ್ಷಗಳನ್ನು ನೋಡಿದರೆ ಅವರು ಆ ಮಾತನ್ನು ವಾಪಸು ತೆಗೆದುಕೊಂಡಾರು. ನಾಳೆ ನಿನ್ನೆದುರು ನಿಂತು ಹೇಳುವಾಗ ತೊದಲಬಾರದು ಅಂತ ಇವತ್ತು ಬರೆದು ನೋಡುತ್ತಿದ್ದೇನೆ. ನಿನಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ, ಬೇಸರ ಮಾಡಿಕೊಳ್ಳಬೇಡ. ಅದನ್ನು ಬಿಟ್ಟು ಬರೀ ತಪ್ಪನ್ನೇ ಹೇಳಹೊರಟರೆ ನನ್ನಿಂದ ಮುಂದೆ ಹೋಗಲಿಕ್ಕೆ ಆಗುವುದಿಲ್ಲ.

ಆ ವರ್ಷ ನಾವು ಮೂವರೂ ಫೇಲಾದವರು. ಫೇಲು ಅಂದರೆ ಫೇಲಲ್ಲ, ಎಂಬಿಬಿಎಸ್ ಸೀಟಿಗೆ ಬೇಕಾದಷ್ಟು ಅಂಕ ಬಾರದವರು. ಆದರೆ ನೆಂಟರಿಷ್ಟರ ಬಾಯಲ್ಲಿ ಎರಡೂ ಒಂದೇ. ಹಿಂದೂಪುರದಲ್ಲಿ ಲಾಂಗ್ ಟರ್ಮ್ ಕೋಚಿಂಗಿಗೆ ಸೇರಿದೆವು. ನಾನು ನಿಮ್ಮ ಮನೆಯ ಮಾಳಿಗೆ ಕೋಣೆಯಲ್ಲಿದ್ದೆ. ಕೆಳಗೆ ನಿಮ್ಮಪ್ಪನ ಮಂಡಿಯ ಹುಣಸೆಹಣ್ಣಿನ ಮೂಟೆಗಳು. ಆರ್ಗಾನಿಕ್ ಕೆಮಿಸ್ಟ್ರಿ ಓದುವಾಗಲೂ ಬಾಯಲ್ಲಿ ನೀರೂರುತ್ತಿದ್ದದ್ದು ಇಡೀ ಜಿಲ್ಲೆಯಲ್ಲಿ ನನಗೊಬ್ಬಳಿಗೇ ಇರಬೇಕು. ಪದ್ಮ ಲೇಪಾಕ್ಷಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಪುಸ್ತಕ ತೆರೆದಿಟ್ಟುಕೊಂಡು ನಿದ್ದೆ ಹೋದವಳನ್ನು ಕಂಡಕ್ಟರು ಎಬ್ಬಿಸಿ, "ದಿಗಮ್ಮಾ ಡಾಕ್ಟರಮ್ಮಾ, ಹಿಂದೂಪುರಂ ವಚ್ಚಿಂದಿ" ಅಂತ, ಊರು ಬಂತೆಂದು ತೆಲುಗಿನಲ್ಲಿ ಕೂಗಿ ಇಳಿಸುತ್ತಿದ್ದ. ನಮ್ಮ ಪೈಕಿ ಮೊದಲು ಡಾಕ್ಟರಮ್ಮ ಅನ್ನಿಸಿಕೊಂಡವಳು ಅವಳೇ.

ದಪ್ಪ ಪ್ರಶ್ನೆಪುಸ್ತಕವನ್ನು ಮೂವರೂ ಸೇರಿ ಒಂದೇ ಕೊಂಡೆವು, ಪದ್ಮ ಅದನ್ನು ಬೆನ್ನಿನ ಹತ್ತಿರ ಸೀಳಿ ಮೂರು ಭಾಗ ಮಾಡಿದಳು. ವಾರಕ್ಕೊಮ್ಮೆ ಅದಲುಬದಲು. ಭಾನುವಾರ ಮಾದರಿ ಪರೀಕ್ಷೆ ಮುಗಿಸಿ ಬಂದರೆ ನಿಮ್ಮಜ್ಜಿ ಒಲೆಯ ಮೇಲೆ ಹೆಂಚು ಇಟ್ಟುಕೊಂಡೇ ಕೂತಿರುತ್ತಿದ್ದರು. ಅವರದೊಂದು ಕಾನೂನು — ಎಲ್ಲರಿಗಿಂತ ಕಡಿಮೆ ಅಂಕ ಬಂದವಳಿಗೆ ಮೊದಲ ದೋಸೆ. "ಜಾಸ್ತಿ ಬಂದೋಳ್ಗೆ ಹೊಟ್ಟೆ ಆಗ್ಲೇ ತುಂಬಿರ್ತದೆ ಕಣಮ್ಮ," ಅನ್ನುತ್ತಿದ್ದರು. ಎಷ್ಟೋ ಭಾನುವಾರ ಆ ಮೊದಲ ದೋಸೆ ನನ್ನದೇ. ಅಳುತ್ತ ಅಡುಗೆಮನೆಗೆ ಬಂದವಳು ತುಪ್ಪ ನೆಕ್ಕುತ್ತ ಮಾಳಿಗೆ ಹತ್ತುತ್ತಿದ್ದೆ.

ನಿನಗೆ ಅಂಕ ಬರುತ್ತಿತ್ತು. ನನಗೆ ಬರುತ್ತಿದ್ದದ್ದು ನಿಯಮಗಳು. ಪರೀಕ್ಷೆಗೆ ಏನು ಉಡಬೇಕು, ಏನು ಉಡಬಾರದು, ಯಾವ ಅಳತೆಯ ಫೋಟೋ, ಎಂಥ ನೀರಿನ ಬಾಟಲಿ — ಸೂಚನೆಗಳನ್ನೆಲ್ಲ ನಾನು ಉರು ಹೊಡೆದಿದ್ದೆ. ನೀವಿಬ್ಬರೂ ನನ್ನನ್ನು ರೂಲ್ಸ್ ವರಲಕ್ಷ್ಮಿ ಎಂದು ಕರೆಯುತ್ತಿದ್ದಿರಿ. ನನಗೆ ಒಳಗೊಳಗೇ ಹೆಮ್ಮೆ. ಮೂವರಲ್ಲಿ ನಾನು ಮೊದಲಿದ್ದದ್ದು ಅದೊಂದರಲ್ಲೇ ತಾನೆ.

ಪರೀಕ್ಷೆ ಬಿದ್ದದ್ದು ಅನಂತಪುರದಲ್ಲಿ. ಹಿಂದಿನ ಸಂಜೆಯೇ ಹೊರಟು ಕಲ್ಯಾಣದುರ್ಗದಲ್ಲಿ ನನ್ನ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ಚಿಕ್ಕಪ್ಪ ಷೇರ್ ಜೀಪು ಓಡಿಸುತ್ತಿದ್ದರು. ಬೆಳಗಿನ ಮೊದಲ ಟ್ರಿಪ್ಪಿನಲ್ಲೇ ನಮ್ಮನ್ನು ಕರೆದೊಯ್ಯುವುದೆಂದು ಮಾತಾಗಿತ್ತು. ಬೆಳಿಗ್ಗೆ ತೆಗೆಯಹೋದರೆ ಪದ್ಮಳ ಮೂಗುಬಟ್ಟು ಬರಲಿಲ್ಲ. ಸೋಪು ಹಚ್ಚಿ ತಿರುಗಿಸಿ ಅವಳ ಕಣ್ಣಲ್ಲಿ ನೀರು ಬರಿಸಿ ನಾನೇ ತೆಗೆದೆ. ನೀನು ಬೆಳ್ಳಿ ಕರಡಿಗೆಯನ್ನು ಹಿಂದೂಪುರದಲ್ಲೇ ಬಿಟ್ಟು, ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ದಾರದಲ್ಲಿ ಧರಿಸಿದ್ದೆ. ಲೋಹ ಇರಬಾರದು ಅಂತ ನಾನೇ ಹೇಳಿದ್ದೆನಲ್ಲ. ಎಲ್ಲ ಸರಿಯಾಗಿತ್ತು. ಆಮೇಲೆ ಚಿಕ್ಕಮ್ಮ ನನ್ನ ಹೊಸ ಕುರ್ತಾ ನೋಡಿ, "ಇದೇನೇ, ಉದ್ದ ತೋಳು ಹಾಕಂಬಾರ್ದು ಅಂತ ನೀನೇ ಹೇಳ್ತಿದ್ಯಲ್ಲ," ಅಂದರು.

ನೀವು ಬಿದ್ದು ಬಿದ್ದು ನಕ್ಕಿರಿ. ನಾನೂ ನಕ್ಕೆ, ಆದರೆ ಕತ್ತರಿ ಹುಡುಕಿ, ತೋಳು ಕತ್ತರಿಸಿ, ಒಂದು ಗಿಡ್ಡ ಒಂದು ಉದ್ದವಾಗಿ, ಮತ್ತೆ ಕತ್ತರಿಸಿ, ಚಿಕ್ಕಮ್ಮ ಅಂಚು ಹೊಲಿಯುವಷ್ಟರಲ್ಲಿ ಮೊದಲ ಟ್ರಿಪ್ಪು ಹೋಗಿಬಿಟ್ಟಿತ್ತು. ಚಿಕ್ಕಪ್ಪ ತಿರುಗಿ ಬಂದು ನಮ್ಮನ್ನು ಹತ್ತಿಸಿಕೊಂಡಾಗ ಹೊತ್ತು ನೆತ್ತಿಗೆ ಬರುತ್ತಿತ್ತು. ಚಿಕ್ಕಮ್ಮ ಮೊಸರನ್ನದ ಡಬ್ಬಿ, ಜೊತೆಗೆ ಕಡಲೆಬೀಜದ ಚಟ್ನಿಪುಡಿಯನ್ನು ಹಳೆಯ ಪಂಚೆಯ ಚೂರಿನಲ್ಲಿ ಗಂಟು ಕಟ್ಟಿ ಬುತ್ತಿ ಚೀಲಕ್ಕೆ ಹಾಕಿದರು. ಅದೂ ಬಿಳಿ ಬಟ್ಟೆಯೇ.

ಈಗ ಮೊದಲನೆಯ ಸುಳ್ಳು. ಗೇಟಿನ ಹತ್ತಿರ ಸಾಲಿನಲ್ಲಿ ನಿಂತಾಗ ನೀನು ಕೊರಳು ಮುಟ್ಟಿಕೊಂಡು ಕೇಳಿದೆ, "ವರಾ, ಇದು ಇರ್ಲೇನೇ? ಬಟ್ಟೇಲಿ ಐತಲ್ಲ."

ನಾನು ಸೂಚನೆ ಓದಿದ್ದೆ, ಲೀಲಾ. ಧರ್ಮದ ಕಟ್ಟಳೆಯಿಂದ ಏನಾದರೂ ಧರಿಸಿದವರು ಬೇಗ ಬರಬೇಕು, ಅವರನ್ನು ಬೇರೆಯಾಗಿ ತಪಾಸಣೆ ಮಾಡಿ ಒಳಗೆ ಬಿಡುತ್ತಾರೆ ಅಂತ ಅದರಲ್ಲಿತ್ತು. ಹಾಗಂತ ಹೇಳಿದರೆ — ಬೇಗ ಬಾರದೆ ಹೋದದ್ದು ಯಾರಿಂದ ಅನ್ನುವ ಪ್ರಶ್ನೆ ಬರುತ್ತಿತ್ತು. ಆದರೂ ಗೇಟಿನವರನ್ನು ಒಮ್ಮೆ ಕೇಳಿ ನೋಡಬಹುದಿತ್ತು, ಬಿಡುತ್ತಿದ್ದರೋ ಏನೋ. ನನ್ನ ತೋಳಿನ ಕಥೆ ಮತ್ತೆ ಮೇಲೆ ಬಾರದಿರಲಿ ಅಂತ, ನಾನು ಎಲ್ಲ ತಿಳಿದವಳ ಗತ್ತಿನಲ್ಲಿ ಅಂದೆ, "ಬಿಚ್ಚಿ ಕೊಟ್ಬುಡು. ಗಂಟು ಕಂಡ್ರೆ ಎಲ್ರ ಮುಂದೆ ಬಿಚ್ಚಿಸ್ತಾರೆ, ಯಾರ್ಯಾರೋ ಮುಟ್ತಾರೆ. ಬೇಕಾ ನಿಂಗೆ?"

ಯಾರ್ಯಾರೋ ಮುಟ್ಟುತ್ತಾರೆ ಅಂದದ್ದಕ್ಕೆ ನೀನು ಹೆದರಿದೆ. ಬಿಚ್ಚಿ, ಕಣ್ಣಿಗೊತ್ತಿಕೊಂಡು ನನ್ನ ಅಂಗೈಯಲ್ಲಿಟ್ಟು, "ನೆಲಕ್ಕೆ ಇಕ್ಕಬೇಡ ಕಣೇ," ಅಂದೆ. ಆ ಬಟ್ಟೆ ನಿನ್ನ ಮೈಯ ಶಾಖಕ್ಕೆ ಬೆಚ್ಚಗಿತ್ತು. ನಾನು ರಸ್ತೆ ದಾಟಿ, ಎಲ್ಲರ ಚೀಲ ಇಟ್ಟುಕೊಳ್ಳುತ್ತಿದ್ದ ಕೂಲ್‌ಡ್ರಿಂಕ್ ಅಂಗಡಿಗೆ ಓಡಿ, ನಮ್ಮ ಬುತ್ತಿ ಚೀಲದೊಳಗೆ ಅವಸರದಲ್ಲಿ ಅದನ್ನಿಟ್ಟು, ಚೀಲವನ್ನು ಮೊಳೆಗೆ ನೇತುಹಾಕಿಸಿ ಬಂದೆ. ನೆಲಕ್ಕೆ ಇಡಲಿಲ್ಲ. ಅಷ್ಟು ಮಾತು ಉಳಿಸಿಕೊಂಡೆ.

ಪರೀಕ್ಷೆ ಮುಗಿಯಿತು. ನನ್ನ ಕೋಣೆ ಗೇಟಿಗೆ ಹತ್ತಿರ. ನೀವಿಬ್ಬರೂ ಹಿಂದಿನ ಕಟ್ಟಡದಲ್ಲಿದ್ದಿರಿ. ಮೊದಲು ಹೊರಗೆ ಬಂದವಳಿಗೆ ಹಸಿವೋ ಹಸಿವು. ಚೀಲ ತೆಗೆದುಕೊಂಡು ಬೇವಿನ ಮರದ ಕೆಳಗೆ ಕೂತೆ. ಮೊಸರು ಸೋರಿ ಚೀಲದ ಅಡಿಯೆಲ್ಲ ಒದ್ದೆಯಾಗಿತ್ತು. ಒದ್ದೆ ಗಂಟೊಂದು ಕೈಗೆ ಬಂತು, ಒಳಗೆ ಗಟ್ಟಿ ಉಂಡೆ. ಚಟ್ನಿಪುಡಿ ಮೊಸರು ಕುಡಿದು ಗಟ್ಟಿಯಾಗಿದೆ, ಕೆಟ್ಟಿತು ಅಂದುಕೊಂಡೆ. ಭಾರ ಅನ್ನಿಸಿತು, ನಿಜ, ಅನ್ನಿಸಿತು. ಆದರೆ ತಲೆಯಲ್ಲಿ ಫಿಸಿಕ್ಸಿನ ಒಂದು ಪ್ರಶ್ನೆ ಗಿರಗಿರ ತಿರುಗುತ್ತಿತ್ತು, ಹಳೆಯ ಪೇಪರಿನ ಚೂರುಗಳ ಜೊತೆಗೆ ಆ ಗಂಟನ್ನೂ ಪಕ್ಕದಲ್ಲಿ ನಿಂತಿದ್ದ ಕಸದ ಟ್ರಾಕ್ಟರಿಗೆ ಎಸೆದೆ. ಟ್ರಾಕ್ಟರು ಹೊರಟುಹೋಯಿತು. ನಾನು ಮೊಸರನ್ನ ಉಂಡೆ. ಉಂಡು ಕೈತೊಳೆದು, ನಿನ್ನ ಲಿಂಗ ಜೋಪಾನವಾಗಿದೆಯಾ ಅಂತ ಚೀಲದ ಬದಿಯ ಜೇಬಿನಲ್ಲಿದ್ದ ಇನ್ನೊಂದು ಗಂಟನ್ನು ಸಡಿಲಿಸಿ ನೋಡಿದೆ. ಕೆಂಪಗೆ ಚಟ್ನಿಪುಡಿ.

ಓಡಿದೆ. ಬೀದಿಯ ಕೊನೆಯವರೆಗೆ, ಅದರಾಚೆಯ ಬೀದಿಯವರೆಗೆ. ಯಾರನ್ನು ಕೇಳಿದರೂ ಟ್ರಾಕ್ಟರು ಹೋದ ದಿಕ್ಕು ಬೇರೆ ಬೇರೆ. ತಿರುಗಿ ಬಂದಾಗ ನೀನು ಬೇವಿನ ಮರದ ಕೆಳಗೆ ನಿಂತಿದ್ದೆ, ಕೈ ಚಾಚಿಕೊಂಡು.

"ಚಿಕ್ಕಪ್ಪನ ಕೈಯಾಗೆ ಕೊಟ್ಟು ಕಳ್ಸಿವ್ನಿ," ನಾನಂದೆ. "ಇಲ್ಲಿ ಜನ ಜಾಸ್ತಿ ಅಂತ. ದೇವರ ಗೂಡ್ನಾಗೆ ಇಕ್ಕಿರ್ತಾರೆ. ನಾಳಿಕೆ ಹಿಂದೂಪುರಕ್ಕೆ ತತ್ತೀನಿ."

ಬಾಯಿಂದ ಎಷ್ಟು ಸಲೀಸಾಗಿ ಬಂತು ಅಂದರೆ, ನನಗೇ ಆಶ್ಚರ್ಯವಾಯಿತು. ನಿನ್ನ ಮುಖ ಸಪ್ಪಗಾಯಿತು. ಆಮೇಲೆ ನನ್ನ ಬೆವರು ನೋಡಿ ನೀನೇ ಸಮಾಧಾನ ಹೇಳಿದೆ, "ಓಗ್ಲಿ ಬುಡೇ. ನಾಳೆ ತನಕ ಊಟ ಮಾಡಂಗಿಲ್ಲ ಅಷ್ಟೆ. ಸಣ್ಣಗಾಯ್ತೀನಿ." ನೀನು ನಕ್ಕೆ. ನಿಮ್ಮಪ್ಪ ಕರೆದೊಯ್ಯಲು ಬಂದಿದ್ದರು, ನೀನು ಅವರ ಜೊತೆ ಹೊರಟುಹೋದೆ. ಲಿಂಗಪೂಜೆಯಿಲ್ಲದೆ ನೀನು ಅನ್ನ ಮುಟ್ಟುವುದಿಲ್ಲ ಅನ್ನುವುದು ಒಂದು ವರ್ಷ ನಿಮ್ಮ ಮನೆಯಲ್ಲಿದ್ದ ನನಗೆ ಗೊತ್ತಿತ್ತು. ನೀನು ಬೆಳಿಗ್ಗೆ ಹೆದರಿಕೆಗೆ ಸರಿಯಾಗಿ ತಿಂದಿರಲಿಲ್ಲ ಅನ್ನುವುದೂ ಗೊತ್ತಿತ್ತು.

ಮಾರನೆಯ ದಿನ ಕಲ್ಯಾಣದುರ್ಗದ ವಿಭೂತಿ ಅಂಗಡಿಯ ಬಾಗಿಲು ತೆಗೆಯುವಾಗಲೇ ಅಲ್ಲಿದ್ದೆ. ಅಂಗಡಿಯವರು, "ಗುರುಗಳ ತಾವ ಕಟ್ಟಿಸ್ಬೇಕು ಕಣಮ್ಮ," ಅಂದರು. ಹೂಂ ಅಂದೆ. ನಿನ್ನದರ ಗಾತ್ರದ್ದನ್ನೇ ಆರಿಸಿದೆ, ನೆಲ್ಲಿಕಾಯಿಯಷ್ಟು. ಹಿತ್ತಲಿನಲ್ಲಿ ಕೂತು ಎಣ್ಣೆ ಸವರಿ ಒರೆಸಿದೆ. ಹಳೆಯ ಪಂಚೆಯಿಂದಲೇ ಒಂದು ಚೂರು ಹರಿದು, ಕಾಫಿಪುಡಿಯ ನೀರಿನಲ್ಲಿ ಅದ್ದಿ ಒಣಗಿಸಿ, ಅದರಲ್ಲಿ ಸುತ್ತಿದೆ. ಕಳೆದದ್ದು ಮೈಮರೆವು ಅಂತ ಯಾರಾದರೂ ಬಿಟ್ಟುಕೊಟ್ಟಾರು. ಆ ಹಿತ್ತಲಿನ ಕೆಲಸ ಮೈಮರೆವಲ್ಲ. ಅದನ್ನು ನಾನು ಅಚ್ಚುಕಟ್ಟಾಗಿ, ಮನಸ್ಸಿಟ್ಟು ಮಾಡಿದೆ.

ಮಧ್ಯಾಹ್ನ ನಿಮ್ಮ ಮನೆ ತಲುಪಿದಾಗ ನೀನು ಮಾತ್ರವಲ್ಲ, ಅಜ್ಜಿಯೂ ಉಪವಾಸ. ಸಕ್ಕರೆ ಕಾಯಿಲೆಯವರು. "ಮೊಮ್ಮಗ್ಳು ಉಪಾಸ ಇದ್ರೆ ನನ್ಗೆ ಗಂಟ್ಲಾಗೆ ಇಳೀತದಾ," ಅಂತ ಗೋಡೆಗೆ ಒರಗಿ ಕೂತಿದ್ದರು, ತುಟಿ ಒಣಗಿತ್ತು. ನೀನು ಗಂಟು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದೆ.

"ತಣ್ಣಗೈತೆ ಕಣೇ," ನೀನಂದೆ. "ಒಂದ್ ರಾತ್ರಿ ಬುಟ್ಟಿದ್ದಕ್ಕೆ ಮುನಿಸ್ಕಂಡೈತೆ."

ಎಲ್ಲರೂ ನಕ್ಕರು. ಪೂಜೆಯಾಯಿತು. ಅಜ್ಜಿ ಎದ್ದು ಹೆಂಚು ಇಟ್ಟರು. ಭಾನುವಾರವಲ್ಲ, ಮಾದರಿ ಪರೀಕ್ಷೆಯೂ ಇಲ್ಲ. ಆದರೂ ಮೊದಲ ದೋಸೆಯನ್ನು ನನ್ನ ತಟ್ಟೆಗೆ ಹಾಕಿ, "ಇವತ್ತು ಕಡ್ಮೆ ಮಾರ್ಕ್ಸ್‌ಗಲ್ಲ ಕಣಮ್ಮ. ನಮ್ಮ ಲಿಂಗ ಕಾಪಾಡ್ಕಂಡು ತಂದೋಳು ನೀನು. ಈ ಮನೆ ಮಗ್ಳು," ಅಂದರು.

ಆ ದೋಸೆ ನನ್ನ ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆಯುವ ಆಸೆ. ಆದರೆ ಇಳಿಯಿತು. ಎರಡನೆಯದೂ ಇಳಿಯಿತು.

ನಿನಗೆ ಎಂಬಿಬಿಎಸ್ ಸೀಟು ಸಿಕ್ಕಿತು. ಪದ್ಮ ಹಲ್ಲಿನ ಡಾಕ್ಟರಾದಳು. ನಾನು ದನದ ಡಾಕ್ಟರಾದೆ. ನನ್ನ ರೋಗಿಗಳು ನನ್ನನ್ನು ಏನೂ ಕೇಳುವುದಿಲ್ಲ ಅನ್ನುವುದು ಒಂದು ಸುಖ. ನಿಮ್ಮ ಮನೆಯಿಂದ ಹಬ್ಬಕ್ಕೆ ಸೀರೆ ಬರುತ್ತದೆ. ಬಂದ ನೆಂಟರಿಗೆಲ್ಲ ಅಜ್ಜಿ ನನ್ನ ಕಥೆ ಹೇಳುತ್ತಾರೆ. ಒಮ್ಮೆ, ನಿಮ್ಮ ಬೀದಿಯ ಯಾರದೋ ಲಿಂಗ ಬಾವಿಯಲ್ಲಿ ಈಜುವಾಗ ಜಾರಿಹೋದ ಸುದ್ದಿ ಬಂತು. ನಾನು ಕೇಳಿದೆ, ಈಗೇನು ಮಾಡ್ತಾರಜ್ಜಿ ಅಂತ. ಅವರು ಹುಣಸೆ ಬೀಜ ಬಿಡಿಸುತ್ತ ಅಂದರು, "ಏನ್ ಮಾಡಾದು. ಗುರುಗಳ ತಾವ ಓಗಿ ತಪ್ಪಾಯ್ತು ಅಂದ್ರೆ ಇನ್ನೊಂದು ಕಟ್ತಾರೆ. ಹೇಳ್ಬೇಕು ಅಷ್ಟೆ."

ಹೇಳಬೇಕು ಅಷ್ಟೆ. ಅಷ್ಟು ಸುಲಭವಿತ್ತು. ಅವತ್ತು ಬೇವಿನ ಮರದ ಕೆಳಗೆ ನಾನು ಬಾಯಿಬಿಟ್ಟಿದ್ದರೆ ನೀನು ಅಳುತ್ತಿದ್ದೆ, ಬಯ್ಯುತ್ತಿದ್ದೆ, ನಿನ್ನ ಗುರುಗಳ ಕೈಯಿಂದ ಇನ್ನೊಂದನ್ನು ಪಡೆಯುತ್ತಿದ್ದೆ. ಅದನ್ನೂ ನಿನ್ನಿಂದ ಕಸಿದುಕೊಂಡೆ. ಇಷ್ಟು ವರ್ಷ ನೀನು ಪೂಜಿಸಿದ್ದರಿಂದ ಅದೇ ನಿನ್ನ ಲಿಂಗವಾಯಿತು ಅಂತ ಯಾರಾದರೂ ಅನ್ನಬಹುದು. ಆ ಮಾತು ಆಡುವ ಹಕ್ಕು ನಿನಗಿದೆ, ಅಜ್ಜಿಗಿದೆ, ನಿಮ್ಮ ಗುರುಗಳಿಗಿದೆ. ನನಗಿಲ್ಲ.

ನಿನ್ನೆ ನೀನು ಫೋನ್ ಮಾಡಿದೆ. ನಾಡಿದ್ದು ನಿನ್ನ ತಂಗಿ ಗೌರಿಗೂ ಅದೇ ಪರೀಕ್ಷೆ, ಮತ್ತೆ ಅನಂತಪುರದಲ್ಲೇ. ಆ ದಿನ ನಿನಗೆ ಆಸ್ಪತ್ರೆಯಲ್ಲಿ ಡ್ಯೂಟಿ. "ಗೌರಿ ಲಿಂಗ ನಿನ್ ಕೈಗೇ ಕೊಡ್ಬೇಕಂತೆ, ಅಜ್ಜೀದು ಒಂದೇ ಹಟ," ಅಂತ ನಗುತ್ತ ಹೇಳಿದೆ. ಬತ್ತೀನಿ ಅಂದೆ ನಾನು.

ನಾಳೆ ಮೊದಲ ಬಸ್ಸಿಗೆ ಹಿಂದೂಪುರಕ್ಕೆ ಬರುತ್ತೇನೆ. ಗೌರಿ ಲಿಂಗವನ್ನು ಬಿಚ್ಚಬೇಕಾಗಿಲ್ಲ, ಯಾರ ಕೈಗೂ ಕೊಡಬೇಕಾಗಿಲ್ಲ. ಬೇಗ ಹೋದರೆ ಸಾಕು. ನೀವು ಒಪ್ಪಿದರೆ ನಾನೇ ಕರೆದುಕೊಂಡು ಹೋಗುತ್ತೇನೆ, ಒಪ್ಪದಿದ್ದರೆ ಆ ನಿಯಮವನ್ನಾದರೂ ಪೂರ್ತಿ ಹೇಳಿ ಬರುತ್ತೇನೆ. ನಾನು ಬಂದದ್ದು ಕಂಡರೆ ಅಜ್ಜಿ ಹೆಂಚು ಇಡುತ್ತಾರೆ, ಗೊತ್ತು. ನೀನು ಅವರ ಕೈ ಹಿಡಿದು ಕೂರಿಸು. ನಾನು ಇವತ್ತು ಏನೂ ತಿಂದಿಲ್ಲ, ನಾಳೆ ಹೇಳಿ ಮುಗಿಸುವ ತನಕ ತಿನ್ನುವುದೂ ಇಲ್ಲ. ಆಮೇಲೆ ನನ್ನ ಮುಂದೆ ತಟ್ಟೆ ಇಡುವುದೋ ಬಿಡುವುದೋ — ಅದು ನಿಮಗೆ ಬಿಟ್ಟದ್ದು.