ಹುಲ್ಲು ಬರೆದ ಜಾಗ

ನಂಜನಗೂಡಿನ ಬಜಾರ್ ರಸ್ತೆಯಲ್ಲಿ ಕಲ್ಲಯ್ಯನವರದು ಫ್ರೇಮ್ ಹಾಕುವ ಅಂಗಡಿ. ದೇವರ ಪಟ, ಮದುವೆಯ ಫೋಟೊ, ತೀರಿಕೊಂಡವರ ಭಾವಚಿತ್ರ, ಮೂವತ್ತು ವರ್ಷದಿಂದ ಇವಕ್ಕೇ ಗಾಜು ಕೂರಿಸಿಕೊಂಡು ಬಂದಿದ್ದಾರೆ. ಆದರೆ ಊರಿನ ಕೆಲವರು ಅಂಗಡಿಗೆ ಹೋಗುವುದು ಒಳಗಿನ ಗೋಡೆ ನೋಡಲು.

ಹಿಂದೊಮ್ಮೆ ಯಾರೋ ಫ್ರೇಮಿಗೆ ಕೊಟ್ಟ ಬಣ್ಣದ ಚಿತ್ರವೊಂದನ್ನು ತೆಗೆದುಕೊಂಡು ಹೋಗಲು ಬರಲೇ ಇಲ್ಲ. ತಾಂಡವಪುರದ ಹತ್ತಿರದ ಗದ್ದೆ ಬಯಲು, ಸಾಲುಮರ, ದೂರದಲ್ಲಿ ಒಂದು ಹಂಚಿನ ಮನೆ. ಎರಡು ವರ್ಷ ಕಾದು ಅದನ್ನು ಗೋಡೆಗೆ ತೂಗುಹಾಕಿದರು. ಬಂದವರು ನಿಂತು ನೋಡತೊಡಗಿದರು. ಆಮೇಲೆ ಒಬ್ಬೊಬ್ಬರೇ ಅಟ್ಟದ ಮೇಲಿದ್ದ ಚಿತ್ರಗಳನ್ನು ತಂದುಕೊಟ್ಟರು. ಹಳೆಯ ಛತ್ರ, ರೈಲ್ವೆ ಸೇತುವೆ, ಕಪಿಲೆಯ ಸೋಪಾನಕಟ್ಟೆ. ಗೋಡೆ ತುಂಬಿದ ಮೇಲೆ ಕಲ್ಲಯ್ಯನವರು ಎರವಲು ಕೊಡಲು ಶುರುಮಾಡಿದರು. "ಕಾಸೇನೂ ಬೇಡ ಕಣ್ರೀ. ಒಂದು ತಿಂಗಳು ಮನೇಲಿಟ್ಕೊಳ್ಳಿ, ಆಮೇಲೆ ತಂದ್ಕೊಡಿ" ಎನ್ನುತ್ತಿದ್ದರು. ಕೊಟ್ಟ ಚಿತ್ರಗಳಲ್ಲಿ ಹೆಚ್ಚಿನವು ಹಿಂದಿರುಗಿವೆ.

ಗೋಡೆಯ ಮೇಲಿನದರಲ್ಲಿ ಅವರಿಗೆ ತುಂಬಾ ಇಷ್ಟವಾದದ್ದು ಟಿ. ನರಸೀಪುರದ ಬದರೀನಾರಾಯಣ ಮೇಷ್ಟ್ರು ಬರೆದದ್ದು. ಅವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಟ್ಟು ನಿವೃತ್ತರಾದವರು. ನದಿ ದಂಡೆಯ ಒಂದು ಕಲ್ಲುಮಂಟಪ, ಅದರ ಮೆಟ್ಟಿಲು, ಮೆಟ್ಟಿಲ ಪಕ್ಕದಿಂದ ನೀರಿನವರೆಗೆ ಇಳಿಯುವ ಹಸಿರು ಹುಲ್ಲು. ಆ ಹುಲ್ಲಿನ ಮೇಲೆ ಬೆಳಗಿನ ಬಿಸಿಲು ಬಿದ್ದ ರೀತಿಯನ್ನು ಕಲ್ಲಯ್ಯನವರು ಗಾಜು ಕೊಯ್ಯುವುದನ್ನು ನಿಲ್ಲಿಸಿ ನೋಡುತ್ತಿದ್ದುದುಂಟು.

ಹೋದ ವರ್ಷ ಜವರಮ್ಮ ಎಂಬಾಕೆ ತೀರಿಕೊಂಡ ಗಂಡನ ಫೋಟೊಗೆ ಫ್ರೇಮ್ ಹಾಕಿಸಲು ಬಂದರು. ಅರವತ್ತು ದಾಟಿದ ವಯಸ್ಸು. ಕಲ್ಲಯ್ಯನವರು ಅಳತೆ ತೆಗೆಯುತ್ತಿದ್ದಾಗ ಆಕೆ ಮಂಟಪದ ಚಿತ್ರದ ಮುಂದೆ ಹೋಗಿ ನಿಂತರು.

"ಇದು ನರಸೀಪುರದ ಒಳೆ ಅಲ್ವಾ ಸಾ?"

"ಹೌದಮ್ಮ. ನೋಡಿದ್ದೀರಾ?"

"ಅಲ್ಲೇ ಉಟ್ಟಿದ್ದು ನಾನು." ಆಕೆ ಹುಲ್ಲಿನ ಮೇಲೆ ಬೆರಳಿಟ್ಟರು. "ನಮ್ಮಪ್ಪ ಅರಿಗೋಲು ಆಕ್ತಿದ್ದ. ನಮ್ಮನೆ ಇಲ್ಲೇ ಇತ್ತು. ಅರಿಗೋಲಿನೋರ ಮನೆಗಳೆಲ್ಲ ಇಲ್ಲೇ ಇದ್ವು. ಇವ್ರು ಉಲ್ಲು ಬರ್ದವ್ರಲ್ಲ?"

"ಮನೆಗಳು ಹೋದ ಮೇಲೆ ಬರೆದಿರಬಹುದು" ಎಂದರು ಕಲ್ಲಯ್ಯ.

"ಒಳೆ ಬಂದು ಮನೆ ಕೊಚ್ಕೊಂಡ್ ಓದಾಗ ಈ ಮಂಟಪದ ಮೂಲೇನೂ ಬಿದ್ದೋಯ್ತು ಸಾ. ಇಲ್ಲಿ ಮೂಲೆ ನೆಟ್ಟಗದೆ."

ಜವರಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಫೋಟೊ ತೆಗೆದುಕೊಂಡು ಹೋದರು. ಆದರೆ ಆ ದಿನದಿಂದ ಕಲ್ಲಯ್ಯನವರಿಗೆ ಚಿತ್ರ ಮೊದಲಿನಂತೆ ಕಾಣಲಿಲ್ಲ. ಇಷ್ಟು ವರ್ಷ ತಾವು ಮೆಚ್ಚಿಕೊಂಡದ್ದು ಆ ಹುಲ್ಲನ್ನೇ ಅಲ್ಲವೇ ಎಂಬುದು ಅವರನ್ನು ಕೊರೆಯಿತು.

ಅಂಗಡಿಯ ರಜಾ ದಿನ ಚಿತ್ರವನ್ನು ಪೇಪರಿನಲ್ಲಿ ಸುತ್ತಿಕೊಂಡು ನರಸೀಪುರದ ಬಸ್ಸು ಹತ್ತಿದರು. ಬದರೀನಾರಾಯಣ ಮೇಷ್ಟ್ರಿಗೆ ಈಗ ಎಂಬತ್ತೆರಡು. ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಜವರಮ್ಮನ ಮಾತನ್ನು ಪೂರ್ತಿ ಕೇಳಿಸಿಕೊಂಡರು.

"ಮನೆಗಳು ಇದ್ವು" ಎಂದರು ಕೊನೆಗೆ. "ತಗಡು, ಗರಿ, ಒಣಹಾಕಿದ ಬಟ್ಟೆ. ಮೆಟ್ಟಿಲು ಕಾಣ್ತಿರ್ಲಿಲ್ಲ. ಚಿತ್ರ ಕೆಡುತ್ತೆ ಅಂತ ಬಿಟ್ಟೆ." ಬೆರಳಿನಿಂದ ಹುಲ್ಲನ್ನು ಸವರುತ್ತಾ ಮತ್ತೆ ಹೇಳಿದರು: "ಕಲ್ಲಯ್ಯ, ಅವತ್ತು ಕೂತು ಬರೆಯೋಕೆ ಮಣೆ ಕೊಟ್ಟಿದ್ದೂ ಆ ಮನೆಯವರೇ."

"ಈಗ ಹುಲ್ಲಿನ ಮೇಲೆ ಮನೆ ಬರೆದುಬಿಡಿ ಮೇಷ್ಟ್ರೇ."

"ಬೇಡ. ಇದನ್ನ ತಿದ್ದಿದ್ರೆ ನಾನು ಬಿಟ್ಟಿದ್ದೇ ಯಾರಿಗೂ ಗೊತ್ತಾಗಲ್ಲ. ಬೇರೆ ಹಾಳೇಲಿ ಬರೀತೀನಿ. ಆಕೇನ ಇಲ್ಲಿಗೆ ಕರೆಸಬೇಡಿ, ನಾನೇ ಬರ್ತೀನಿ."

ಮುಂದಿನ ವಾರ ಮೇಷ್ಟ್ರು ಪೆನ್ಸಿಲು, ದಪ್ಪ ಹಾಳೆ ಹಿಡಿದು ನಂಜನಗೂಡಿಗೆ ಬಂದರು. ಗಾಜು ಕೊಯ್ಯುವ ಮೇಜಿನ ಒಂದು ಕಡೆ ಅವರು, ಇನ್ನೊಂದು ಕಡೆ ಜವರಮ್ಮ. ಮೇಷ್ಟ್ರು ಬರೆಯತೊಡಗಿದರು. ಗೆರೆ ನೇರವಾಗಿ ಬರಲಿಲ್ಲ.

"ಬಿಟ್ಟಿದ್ದು ನನ್ನ ತಪ್ಪಮ್ಮ" ಎಂದರು.

ಜವರಮ್ಮ ಹಾಳೆಯನ್ನೇ ನೋಡುತ್ತಾ, "ಬಾಗ್ಲು ಒಳೆ ಕಡೀಗಿತ್ತು ಸಾ" ಎಂದರು. ಮೇಷ್ಟ್ರು ಅಳಿಸಿ ಬಾಗಿಲನ್ನು ತಿರುಗಿಸಿದರು. "ಮನೆ ಮುಂದೆ ಅರಿಗೋಲು ಬೋರಲು ಆಕಿರ್ತಿದ್ರು. ಮಳೆ ಬಂದ್ರೆ ನಾವು ಐಕ್ಳು ಅದ್ರ ಕೆಳಗೆ ನುಸುಳ್ಕೊಳ್ತಿದ್ವಿ. ಅದ್ನೂ ಬರೀರಿ."

ಬೆಳಗ್ಗೆ ಶುರುವಾದದ್ದು ಮುಗಿದಾಗ ಮೂರು ಗಂಟೆಯಾಗಿತ್ತು. ಮಧ್ಯೆ ಕಲ್ಲಯ್ಯನವರ ಹೆಂಡತಿ ಸಿದ್ದಲಿಂಗಮ್ಮ ಮನೆಯಿಂದ ಉಪ್ಪಿಟ್ಟು ಕಳಿಸಿದ್ದರು. ಮೂವರೂ ಅಲ್ಲೇ ತಿಂದರು. ಹಾಳೆಯ ಮೇಲೆ ಆರು ಮನೆ, ಮೂರು ಹರಿಗೋಲು, ಹಗ್ಗದ ಮೇಲೆ ಒಂದು ಸೀರೆ. ಜವರಮ್ಮ ಅದನ್ನು ತುಂಬಾ ಹೊತ್ತು ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು, "ಇಂಗೇ ಇತ್ತು" ಎಂದರು.

ಕಲ್ಲಯ್ಯನವರು ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ಒಂದೇ ಫ್ರೇಮ್ ಹಾಕಿದರು. ಮೊದಲು ಜವರಮ್ಮನೇ ಒಯ್ದರು. ತಿಂಗಳು ತುಂಬಿದ ದಿನ ಆಟೊದಲ್ಲಿ ಇಟ್ಟುಕೊಂಡು ವಾಪಸು ತಂದರು.

"ಇದು ನಿಮ್ಮದೇ ಅಮ್ಮ, ಇಟ್ಕೊಳ್ಳಿ" ಎಂದರು ಕಲ್ಲಯ್ಯ.

"ಬ್ಯಾಡ ಸಾ. ನಮ್ ಬೀದಿಯೋರೆಲ್ಲ ನೋಡಿದ್ರು. ಬ್ಯಾರೆ ಬೀದಿಯೋರೂ ನೋಡ್ಲಿ."

ಅದು ಈಗ ತಗಡೂರಿನ ಒಬ್ಬ ಟೈಲರ್ ಅಂಗಡಿಯಲ್ಲಿದೆ. ಮೊನ್ನೆ ಆತ ಫೋನು ಮಾಡಿ ಇನ್ನೊಂದು ತಿಂಗಳು ಇಟ್ಟುಕೊಳ್ಳಲೇ ಎಂದು ಕೇಳಿದ. ಚಾಮಯ್ಯ ಎಂಬ ಮುದುಕ ದಿನವೂ ಬಂದು ಅದರ ಮುಂದೆ ಕೂರುತ್ತಾನಂತೆ. ಅಲ್ಲಿ ಇದ್ದದ್ದು ಏಳು ಮನೆ, ತಮ್ಮ ಮನೆ ಬಿಟ್ಟುಹೋಗಿದೆ ಎನ್ನುತ್ತಾನಂತೆ.

ಕಲ್ಲಯ್ಯನವರು ಆಗಲಿ ಎಂದು ಹೇಳಿ, ಮೇಷ್ಟ್ರ ನಂಬರು ಹುಡುಕಿದರು.